ಸೊಕ್ಕು ಎಂಬ ಮಾತು ಮತ್ತು ‘ನಂಜುಂಡಿ ಕಲ್ಯಾಣ’

ನಮ್ಮ ಕೇರಿಯವರ ಬೆನ್ನಿಗೆ ತಲೆತಲಾಂತರದಿಂದ ಅಂಟಿಕೊಂಡು ಬಂದ ಮಾತುಗಳಲ್ಲಿ ‘ಸೊಕ್ಕು’ ಎಂಬುದೂ ಒಂದು. ಜೀತದಾಳು ಹೊಸ ಅಂಗಿ ತೊಟ್ಟರೆ ಸೊಕ್ಕು. ಗೌಡರ ಮನೆ ಮುಂದೆ ಮೆಟ್ಟು ಕಳಚದೆ ನಡೆದರೆ ಸೊಕ್ಕು. ಕೊಟ್ಟ ಕೂಲಿಯನ್ನು ಎಣಿಸಿಕೊಂಡರೆ ಸೊಕ್ಕು, ಮೀಸೆ ತಿರುವಿದರೆ ಸೊಕ್ಕು, ಮದುವೆ ಗಂಡು ಕುದುರೆ ಹತ್ತಿದರಂತೂ ಕೇಳುವುದೇ ಬೇಡ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ಮೇಲ್ಜಾತಿಯ ಹೆಂಗಸರು ಉಡುವ ಹಾಗೇ ಸೀರೆ ಉಡಿ, ಅಸ್ಪೃಶ್ಯರೆಂದು ಗುರುತು ಹೇಳುವ ಒಡವೆ ಕಿತ್ತೆಸೆಯಿರಿ ಎಂದರು. ಅವರು ಉಟ್ಟ ಆ ಸೀರೆಯೂ ಊರಿನ ಕಣ್ಣಿಗೆ ಸೊಕ್ಕಾಗಿಯೇ ಕಂಡಿರಬೇಕು. ಬಲ್ಲಿದರ ಸೊಕ್ಕಿಗೆ ನಮ್ಮ ಭಾಷೆಯಲ್ಲಿ ಬೇರೆ ಹೆಸರುಗಳಿವೆ. ಗತ್ತು ಅನ್ನುತ್ತೇವೆ, ಠೀವಿ ಅನ್ನುತ್ತೇವೆ, ಮನೆತನದ ಗಾಂಭೀರ್ಯ ಅನ್ನುತ್ತೇವೆ. ಬಾಗಿರಬೇಕಾದ ಬೆನ್ನು ನೆಟ್ಟಗಾದಾಗ ಮಾತ್ರ ಈ ಒರಟು ಮಾತು ಬಾಯಿಗೆ ಬರುತ್ತದೆ. ಬಂದದ್ದು ಒಂಟಿಯಾಗಿ ಬರುವುದಿಲ್ಲ, ‘ಮುರಿಯಬೇಕು’ ಎಂಬ ಇನ್ನೊಂದು ಮಾತನ್ನು ಹಿಂದೆಯೇ ಕರೆದುಕೊಂಡು ಬರುತ್ತದೆ.

ಈ ಮಾತನ್ನು ನಾನು ಹೋದ ವರ್ಷ ನನ್ನ ಸ್ವಂತ ತಂಗಿಗೆ ಅಂದೆ. ಅದನ್ನು ಹೇಳುವ ಮೊದಲು ಒಂದು ಸಿನಿಮಾದ ವಿಚಾರ ಹೇಳಬೇಕು.

‘ನಂಜುಂಡಿ ಕಲ್ಯಾಣ’ ನೋಡದ ಕನ್ನಡಿಗರು ಕಮ್ಮಿ. ಎಂ.ಎಸ್. ರಾಜಶೇಖರ್ ನಿರ್ದೇಶಿಸಿದ್ದು, 1989ರದ್ದು, ರಾಘವೇಂದ್ರ ರಾಜಕುಮಾರ್ ಮತ್ತು ಮಾಲಾಶ್ರೀ ಜೋಡಿಯದ್ದು. ಹಣವಂತರ ಮಗಳು, ಬಾಯಿಬಡುಕಿ, ಯಾರನ್ನೂ ಲೆಕ್ಕಕ್ಕಿಡದವಳು. ಅವಳ ಸೊಕ್ಕನ್ನು ಒಬ್ಬ ಹುಡುಗ ಮುರಿದು ‘ಹೆಂಡತಿ’ಯನ್ನಾಗಿ ಮಾಡಿಕೊಳ್ಳುವುದೇ ಕಥೆ. ಜನ ಬಿದ್ದು ಬಿದ್ದು ನಕ್ಕರು. ಮಂಜುಳಾ ಗುರುರಾಜ್ ಹಾಡಿದ ಗುಂಡಿನ ಹಾಡಂತೂ ಭದ್ರಾವತಿಯ ಗೂಡಂಗಡಿಗಳಲ್ಲಿ, ಆಟೋಗಳಲ್ಲಿ, ಮಾರಮ್ಮನ ಜಾತ್ರೆಯ ಮೈಕುಗಳಲ್ಲಿ ವರ್ಷಗಟ್ಟಲೆ ಕೂಗಿತು. ನಾನಿನ್ನೂ ಹುಟ್ಟಿರದ ಕಾಲ ಅದು. ಆಮೇಲೆ ಟೀವಿಯಲ್ಲಿ ಎಷ್ಟು ಸಲ ನೋಡಿದ್ದೇನೋ, ನೋಡಿದಾಗೆಲ್ಲ ನಕ್ಕಿದ್ದೇನೆ. ಸುಳ್ಳು ಹೇಳಿ ಕ್ರಾಂತಿಕಾರಿಯಾಗುವುದು ನನಗೆ ಬೇಡ. ಈಗಲೂ ನಗು ಬರುತ್ತದೆ.

ಆದರೆ ಆ ಚಿತ್ರ ನಮ್ಮೂರ ಟಾಕೀಸಿಗೆ ಬಂದಾಗ ನಡೆದದ್ದನ್ನು ಅಜ್ಜಿ ಹೇಳುತ್ತಾಳೆ. ತಾತ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ಕಬ್ಬಿಣದ ಧೂಳು ಹೊರುವ ಕೆಲಸ. ಬಟವಾಡೆ ದಿನ ಸಾರಾಯಿ ಪಾಕೀಟು ಏರಿಸಿಕೊಂಡೇ ಮನೆಗೆ ಬರುವುದು. ಆ ದಿನ ಅದೇನು ಖುಷಿಯೋ, ಹೆಂಡತಿ ಮಕ್ಕಳನ್ನೆಲ್ಲ ಕರೆದುಕೊಂಡು ಸೆಕೆಂಡ್ ಶೋಗೆ ಹೋದ. ನೆಲದ ಟಿಕೆಟ್ಟು. ಅಜ್ಜಿಯೂ ನಕ್ಕಳಂತೆ. ವಾಪಸು ಬರುವಾಗ ದಾರಿಯಲ್ಲಿ, ‘ಈ ದುಡ್ಡಲ್ಲಿ ಒಂದು ಸೇರು ಅಕ್ಕಿ ಬರ್ತಿತ್ತು’ ಅಂದುಬಿಟ್ಟಳು. ತಾತ ಅಲ್ಲೇ ನಿಂತ. ‘ನಿಂದೂ ಸೊಕ್ಕು ಮುರೀಬೇಕು ಕಣೇ, ಹೆಂಗೆ ಅಂತ ಇವತ್ತು ನೋಡ್ಕೊಂಡ್ ಬಂದೀನಿ’ ಅಂದವನೇ ಬೀದಿ ದೀಪದ ಕೆಳಗೆ ಕೈ ಎತ್ತಿದ. ಅಜ್ಜಿ ಇದನ್ನು ಹೇಳುವಾಗ ಅಳುವುದಿಲ್ಲ. ಬಟ್ಟಲಿನಿಂದ ಒಂದು ಅಡಿಕೆ ಹೋಳು ಆರಿಸಿ ಬಾಯಿಗೆ ಹಾಕಿಕೊಂಡು, ‘ಹೀರೋ ಆಗಕ್ಕೆ ಹೋಗಿದ್ದ ನಿಮ್ ತಾತ’ ಎನ್ನುತ್ತಾಳೆ.

ಈ ಕಥೆ ನಮ್ಮ ನೆಲದ್ದಲ್ಲ, ನಾಟಕದಿಂದ ಬಂದದ್ದು. ಪರ್ವತವಾಣಿ ಎಂಬ ಹೆಸರಿನಿಂದ ಬರೆಯುತ್ತಿದ್ದ ನರಸಿಂಗರಾಯರ ‘ಬಹದ್ದೂರ್ ಗಂಡ’ ಎಂಬ ನಗೆನಾಟಕವೇ ಚಿತ್ರಕ್ಕೆ ಮೂಲ. ಆ ನಾಟಕದ ಮೂಲ ಷೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’. ಅಂದರೆ ಗಯ್ಯಾಳಿಯನ್ನು ಪಳಗಿಸಿದ್ದು. 1623ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ದೊಡ್ಡ ಸಂಪುಟದಲ್ಲಿ ಅದು ಮೊದಲ ಬಾರಿಗೆ ಅಚ್ಚು ಕಂಡಿತು. ಅದಾಗಿ ಮುನ್ನೂರು ವರ್ಷಕ್ಕೆ, 1923ರಲ್ಲಿ, ಭದ್ರಾವತಿಯ ಕುಲುಮೆಗೆ ಬೆಂಕಿ ಬಿತ್ತು. ಲಂಡನ್ನಿನ ದೊರೆಗಳ ಊರಿನ ಗೇಲಿ ಹೀಗೆ ಕೈಯಿಂದ ಕೈಗೆ ಬಂದು ನಮ್ಮ ತಾತನ ಕೈಗೂ ಬಂತು. ಕುವೆಂಪು ಅವರೂ ಷೇಕ್ಸ್‌ಪಿಯರನನ್ನು ಕನ್ನಡಕ್ಕೆ ತಂದವರೇ, ‘ರಕ್ತಾಕ್ಷಿ’, ‘ಬಿರುಗಾಳಿ’ ಮಾಡಿದರು. ಆದರೆ ಕೇರಿಯ ತನಕ ಬಂದು ತಲುಪಿದ್ದು ಹ್ಯಾಮ್ಲೆಟ್ಟನ ಸಂಕಟವಲ್ಲ, ಹೆಂಡತಿಯನ್ನು ಪಳಗಿಸುವ ವಿದ್ಯೆ. ಯಾವ ಸರಕು ಯಾವ ಬೀದಿಗೆ ಇಳಿಯುತ್ತದೆ ಎನ್ನುವುದರಲ್ಲೂ ಒಂದು ರಾಜಕೀಯವಿದೆ.

ಕಾಲೇಜಿನಲ್ಲಿ ಈ ನಾಟಕ ನಮಗೆ ಪಾಠಕ್ಕಿತ್ತು. ಮೇಷ್ಟ್ರು ಮೊದಲ ಕೆಲವು ಪುಟಗಳನ್ನು ಒಟ್ಟಿಗೇ ಮಗುಚಿ, ‘ಇದು ಪೀಠಿಕೆ, ಪರೀಕ್ಷೆಗೆ ಬರಲ್ಲ’ ಎಂದು ಮುಂದೆ ಹೋದರು. ಪರೀಕ್ಷೆಗೆ ಬಾರದ್ದರಲ್ಲಿ ಏನಿರಬಹುದು ಎಂಬ ಕೆಟ್ಟ ಕುತೂಹಲ ನಮ್ಮಂಥ ಮೊದಲ ತಲೆಮಾರಿನ ಓದುಗರಿಗೆ ಜಾಸ್ತಿ. ರಾತ್ರಿ ಹಾಸ್ಟೆಲಿನಲ್ಲಿ ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿದೆ. ಓದಿ ಎದೆ ಧಸಕ್ಕೆಂದಿತು. ಅಲ್ಲಿ ಇದ್ದದ್ದು ನಮ್ಮ ತಾತ!

ಹೆಸರು ಕ್ರಿಸ್ಟೊಫರ್ ಸ್ಲೈ. ತೂತು ಪಾತ್ರೆಗೆ ತೇಪೆ ಹಾಕಿಕೊಂಡು ಊರೂರು ತಿರುಗುವವನು. ಅದಕ್ಕೂ ಮುಂಚೆ ಕರಡಿ ಆಡಿಸಿದವನು. ಹೆಂಡದಂಗಡಿಯ ಸಾಲ ತೀರಿಸಲಾರದೆ ಬೈಸಿಕೊಂಡು ಅಂಗಡಿಯ ಮುಂದೆಯೇ ಬಿದ್ದು ಗೊರಕೆ ಹೊಡೆಯುತ್ತಿರುತ್ತಾನೆ. ಬೇಟೆ ಮುಗಿಸಿ ನಾಯಿಗಳ ಜೊತೆ ಬರುವ ಒಬ್ಬ ಜಹಗೀರದಾರ ಅವನನ್ನು ನೋಡುತ್ತಾನೆ. ತನ್ನ ಬೇಟೆನಾಯಿಗಳ ಬಗ್ಗೆ ಎಷ್ಟೊಂದು ಅಕ್ಕರೆಯಿಂದ ಮಾತಾಡಿದವನು ಇವನನ್ನು ನೋಡಿ ಹಂದಿ ಎನ್ನುತ್ತಾನೆ. ಆಮೇಲೆ ಒಂದು ತಮಾಷೆ ಹೊಳೆಯುತ್ತದೆ. ಇವನನ್ನು ಎತ್ತಿ ಬಂಗಲೆಗೆ ಒಯ್ದು, ಮೈ ತೊಳೆಸಿ, ರೇಷ್ಮೆ ಉಡಿಸಿ, ಸುಪ್ಪತ್ತಿಗೆಯಲ್ಲಿ ಮಲಗಿಸಿ, ‘ದಣಿಗಳೇ, ಇಷ್ಟು ವರ್ಷ ನಿಮಗೆ ಹುಚ್ಚು ಹಿಡಿದಿತ್ತು, ನೀವು ಈ ಮನೆಯ ಒಡೆಯರು’ ಎಂದು ನಂಬಿಸುವುದು. ಒಬ್ಬ ಹುಡುಗನಿಗೆ ಹೆಣ್ಣುವೇಷ ಹಾಕಿ ಹೆಂಡತಿ ಅಂತ ಪಕ್ಕದಲ್ಲಿ ಕೂರಿಸುವುದು. ಹೀಗೆ ಒಂದು ರಾತ್ರಿಯ ಮಟ್ಟಿಗೆ ಒಡೆಯನಾದ ಈ ಬಡ ಕುಡುಕನ ಮುಂದೆ, ಅವನ ಮನರಂಜನೆಗೆಂದು, ಒಂದು ನಾಟಕ ಆಡಿಸುತ್ತಾರೆ. ಆ ನಾಟಕವೇ ಗಯ್ಯಾಳಿಯನ್ನು ಪಳಗಿಸುವ ಕಥೆ. ನಾವು ನಕ್ಕದ್ದೆಲ್ಲ ಆ ಒಳಗಿನ ನಾಟಕಕ್ಕೆ.

ಅಲ್ಲಿ ಸ್ವಲ್ಪ ಹೊತ್ತಿಗೇ ಸ್ಲೈ ತೂಕಡಿಸುತ್ತಾನೆ. ಮುಂದೆ ಷೇಕ್ಸ್‌ಪಿಯರ್ ಅವನನ್ನು ಮರೆತೇಬಿಡುತ್ತಾನೆ, ಅವನಿಗೆ ಏನಾಯಿತೆಂದು ನಾಟಕ ಹೇಳುವುದಿಲ್ಲ. ನಮ್ಮ ಚಿತ್ರದಲ್ಲಂತೂ ಅವನ ಸುಳಿವೇ ಇಲ್ಲ. ಚಿತ್ರದಲ್ಲಿ ಯಾಕೆ ಬೇಕು? ನೆಲದ ಟಿಕೆಟ್ಟಿನಲ್ಲಿ ಕೂತವರೆಲ್ಲ ಅವನೇ ಅಲ್ಲವೇ! ಮೂರು ಗಂಟೆ ಒಡೆಯನಾಗಿರು, ಬಂಗಲೆ ನೋಡು, ಕಾರು ನೋಡು, ಹಣವಂತರ ಮಗಳು ಮಂಡಿಯೂರುವುದನ್ನು ನೋಡು. ದೀಪ ಹತ್ತಿದ ಮೇಲೆ ಎದ್ದು ನಿನ್ನ ಕೇರಿಗೆ ನಡಿ.

ಈಗ ಪಳಗಿಸುವ ವಿದ್ಯೆಯನ್ನು ನೋಡೋಣ. ಷೇಕ್ಸ್‌ಪಿಯರನ ಪೆಟ್ರುಷಿಯೊ ಹೆಂಡತಿಗೆ ಹೊಡೆಯುವುದಿಲ್ಲ. ಜಾಣ ಅವನು. ಮದುವೆಯ ಊಟಕ್ಕೂ ಬಿಡದೆ ಅವಳನ್ನು ತನ್ನ ಹಳ್ಳಿಯ ಮನೆಗೆ ಎಳೆದುಕೊಂಡು ಹೋಗುತ್ತಾನೆ. ಎದುರಿಗೆ ಇಟ್ಟ ಮಾಂಸವನ್ನು ಸೀದಿದೆ ಎಂದು ಎಸೆಯುತ್ತಾನೆ. ಹಾಸಿಗೆ ಸರಿಯಿಲ್ಲವೆಂದು ರಾತ್ರಿಯಿಡೀ ಕೂಗಾಡಿ ನಿದ್ದೆ ಕೆಡಿಸುತ್ತಾನೆ. ಎಲ್ಲವೂ ಅವಳ ಮೇಲಿನ ಪ್ರೀತಿಯಿಂದಲೇ ಎನ್ನುತ್ತಾನೆ. ಕಾಡಿನ ಡೇಗೆಯನ್ನು ಪಳಗಿಸುವವರು ಹೊಟ್ಟೆಗೆ ಹಾಕದೆ, ಕಣ್ಣು ಮುಚ್ಚಲು ಬಿಡದೆ ಕೈಗೆ ಇಳಿಸಿಕೊಳ್ಳುತ್ತಾರಲ್ಲ, ತನ್ನದೂ ಅದೇ ವಿದ್ಯೆ ಎಂದು ಪ್ರೇಕ್ಷಕರ ಮುಂದೆ ಬಾಯಿಬಿಟ್ಟು ಹೇಳಿಕೊಳ್ಳುತ್ತಾನೆ. ಕಡೆಗೆ ಹಗಲು ಹೊತ್ತಿನ ಸೂರ್ಯನನ್ನು ಅವನು ಚಂದ್ರ ಎಂದರೆ ಅವಳೂ ಚಂದ್ರ ಎನ್ನಬೇಕು.

ಶಿವಮೊಗ್ಗೆಯವರಿಗೆ ಇದನ್ನು ವಿವರಿಸುವುದು ಬೇಕಿಲ್ಲ. ತೀರ್ಥಹಳ್ಳಿ ದಾರಿಯಲ್ಲಿ ಗಾಜನೂರು ಅಣೆಕಟ್ಟಿನ ಹಿನ್ನೀರಿನ ಅಂಚಿಗೆ ಸಕ್ರೆಬೈಲು ಆನೆ ಬಿಡಾರವಿದೆ. ಕಾಡಿನಿಂದ ಹಿಡಿದು ತಂದ ಆನೆಯನ್ನು ಮೊದಲು ದಪ್ಪ ಮರದ ದಿಮ್ಮಿಗಳ ಕ್ರಾಲಿನಲ್ಲಿ ಕೂಡುತ್ತಾರೆ. ಮಾವುತ ಕೊಟ್ಟಾಗ ತಿನ್ನಬೇಕು, ಹೇಳಿದಾಗ ಕಾಲೆತ್ತಬೇಕು. ಚಿಕ್ಕಂದಿನಲ್ಲಿ ಸ್ಕೂಲಿನಿಂದ ಕರೆದುಕೊಂಡು ಹೋಗಿದ್ದರು. ಎಲ್ಲರೂ ಆನೆಗೆ ಸ್ನಾನ ಮಾಡಿಸುವುದನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ನೆನಪಿರುವುದು ಕ್ರಾಲಿನ ದಿಮ್ಮಿಗೆ ಹಣೆ ಒತ್ತಿಕೊಂಡು ನಿಂತಿದ್ದ ಒಂದು ಆನೆ ಮಾತ್ರ.

ಹಸಿವು, ನಿದ್ದೆಗೇಡು, ಹರಿದ ಬಟ್ಟೆ, ಸೋರುವ ಮನೆ. ಹಣವಂತರ ಮಗಳನ್ನು ಗುಡಿಸಲಿಗೆ ತಂದು, ಹೊಗೆಯೊಲೆ ಊದಿಸಿ, ಬಾವಿ ನೀರು ಸೇದಿಸಿ, ತಂಗಳು ತಿನ್ನಿಸುವ ದೃಶ್ಯ ನಮ್ಮ ಸಿನಿಮಾಗಳಲ್ಲಿ ಎಷ್ಟು ಸಲ ಬಂದಿಲ್ಲ! ಅವಳು ಕೆಮ್ಮುತ್ತಾಳೆ, ಕಣ್ಣೀರು ಸುರಿಸುತ್ತಾಳೆ, ಕೊಡ ಜಾರಿ ಬೀಳುತ್ತದೆ, ನಾವು ನಗುತ್ತೇವೆ. ಗೆಳೆಯರೇ, ಆ ಒಲೆ ಯಾರದ್ದು? ಆ ಕೊಡ ಯಾರದ್ದು? ನನ್ನ ಅವ್ವ ನಲವತ್ತು ವರ್ಷ ಊದಿದ ಒಲೆ ಅದು. ನಮಗೆ ಬದುಕಾಗಿರುವುದು ಅವರಿಗೆ ಶಿಕ್ಷೆ. ಜೈಲಿಗೆ ಹಾಕುವ ಬದಲು ನಮ್ಮ ಮನೆಗೆ ಹಾಕುತ್ತಾರೆ. ಅವಳ ಸೊಕ್ಕು ಇಳಿಯುತ್ತಲೇ ಬಂಗಲೆಯ ಬಾಗಿಲು ತೆರೆಯುತ್ತದೆ, ಶಿಕ್ಷೆ ಮುಗಿಯಿತು. ಅವ್ವನ ಶಿಕ್ಷೆ ಯಾವಾಗ ಮುಗಿಯುವುದು, ಅವಳು ಮಾಡಿದ ಸೊಕ್ಕಾದರೂ ಯಾವುದು ಎಂದು ಯಾವ ಡೈರೆಕ್ಟರೂ ಕೇಳಿಲ್ಲ. ನೆಲದ ಮೇಲೆ ಕೂತ ನಾವೂ ಕೇಳಲಿಲ್ಲ.

ಇದಕ್ಕೆ ಎದುರು ಮಾತು ಇದೆ, ಅದನ್ನು ಮುಚ್ಚಿಡಬಾರದು. ನಮ್ಮ ಸಂಘಟನೆಯ ಹಿರಿಯರೊಬ್ಬರು ಹೇಳಿದರು: ‘ಏನಯ್ಯಾ, ಸಾಹುಕಾರರ ಮಗಳ ಪರ ವಕಾಲತ್ತು ಮಾಡ್ತೀಯಾ? ಆಳಿನ ಮುಖಕ್ಕೆ ಚಪ್ಪಲಿ ಎಸೆಯೋ ಸೊಕ್ಕನ್ನ ಮುರಿಯೋದು ತಪ್ಪಾ? ಹಸಿವು ಏನಂತ ಅವರಿಗೂ ಒಂದಿನ ತಿಳೀಲಿ ಬಿಡು.’ ನ್ಯಾಯವಾದ ಮಾತು. ಮೂಲ ನಾಟಕದಲ್ಲೂ ಇದಕ್ಕೆ ಆಧಾರ ಸಿಗುತ್ತದೆ. ಕ್ಯಾಥರಿನಾ ತಂಗಿಗೆ ಹೊಡೆಯುತ್ತಾಳೆ, ಪಾಠ ಹೇಳಲು ಬಂದವನ ತಲೆಯ ಮೇಲೆ ವಾದ್ಯವನ್ನೇ ಒಡೆಯುತ್ತಾಳೆ. ಆದರೆ ಗಂಡನ ಮನೆಗೆ ಬಂದ ಆ ಮೊದಲ ರಾತ್ರಿ, ಆಳೊಬ್ಬ ನೀರು ಚೆಲ್ಲಿದನೆಂದು ಪೆಟ್ರುಷಿಯೊ ಅವನಿಗೆ ಬಾರಿಸಿದಾಗ, ಬೇಕಂತ ಮಾಡಿದ್ದಲ್ಲ, ಸಮಾಧಾನ ಮಾಡಿಕೊಳ್ಳಿ ಎಂದು ಆಳಿನ ಪರವಾಗಿ ಬೇಡಿಕೊಳ್ಳುವವಳು ಇದೇ ಕ್ಯಾಥರಿನಾ. ನೋಡಿ, ಕಷ್ಟ ಅವಳಿಗೆ ಕರುಣೆ ಕಲಿಸಿತು ಎನ್ನಬಹುದು.

ನಾನು ಈ ಜಾಗದಲ್ಲಿ ಬಹಳ ದಿನ ನಿಂತೆ. ಹಸಿವು ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುವುದಾದರೆ ನಮ್ಮ ಕೇರಿ ತುಂಬ ಶರಣರೇ ಇರಬೇಕಿತ್ತು. ಹಸಿದ ತಾತ ಕೈ ಎತ್ತಿದ್ದು ಹಸಿದ ಅಜ್ಜಿಯ ಮೇಲೆ. ಇನ್ನೊಂದು ಸಲ ಆ ದೃಶ್ಯ ಓದಿ. ಅವಳಿಗೆ ಅನ್ನ ಕೊಡದೆ ಸತಾಯಿಸುವ ಆಟ ಆಗಿನ್ನೂ ಶುರುವೇ ಆಗಿಲ್ಲ. ಪೆಟ್ಟು ತಿಂದವನ ಪಕ್ಕದಲ್ಲಿ ಅವಳು ಇದ್ದಳು, ಅಷ್ಟೇ. ಆ ಮನೆಯಲ್ಲಿ ಇಬ್ಬರ ಮೇಲೂ ಇರುವುದು ಒಂದೇ ಕೈ ಎಂದು ಕಂಡಳು. ಪಳಗುವುದಕ್ಕೆ ಮುಂಚೆಯೇ ಅವಳಿಗೆ ಆಳಿನ ಮುಖ ಕಂಡಿತ್ತು. ಪಳಗಿದ ಮೇಲೆ ಅವಳು ಮಾಡುವ ಉದ್ದನೆಯ ಭಾಷಣದಲ್ಲಿ ಆಳುಗಳ ಮಾತೇ ಇಲ್ಲ. ಗಂಡನೇ ಒಡೆಯ, ಗಂಡನೇ ರಾಜ ಎಂಬ ಮಾತಷ್ಟೇ. ಅವಳ ಸೊಕ್ಕು ಮುರಿದದ್ದರಿಂದ ಆ ಆಳಿಗೆ ಒಂದು ಕಾಸು ಜಾಸ್ತಿ ಸಿಗಲಿಲ್ಲ. ಕಾಸು ಸಿಕ್ಕಿದ್ದು ಗಂಡನಿಗೆ. ಮೂವರು ಗಂಡಂದಿರು ಯಾರ ಹೆಂಡತಿ ಕರೆದ ಕೂಡಲೇ ಬರುತ್ತಾಳೆಂದು ಬಾಜಿ ಕಟ್ಟುತ್ತಾರೆ. ಪೆಟ್ರುಷಿಯೊ ಗೆಲ್ಲುತ್ತಾನೆ. ಅದರ ಮೇಲೆ ಮಾವ ಖುಷಿಯಾಗಿ ಇನ್ನೂ ಇಪ್ಪತ್ತು ಸಾವಿರ ಕ್ರೌನು ಕೊಡುತ್ತಾನೆ, ಪಳಗಿದ ಮಗಳಿಗೆ ಎರಡನೇ ವರದಕ್ಷಿಣೆ! ಸಂಪತ್ತು ಎಲ್ಲೂ ಕರಗಲಿಲ್ಲ, ಮಾವನ ಪೆಟ್ಟಿಗೆಯಿಂದ ಅಳಿಯನ ಪೆಟ್ಟಿಗೆಗೆ ಹೋಯಿತು.

ಈ ಲೆಕ್ಕದಲ್ಲಿ 1974ರ ‘ಸಂಪತ್ತಿಗೆ ಸವಾಲ್’ ಮೇಲು. ಅದೂ ನಾಟಕದಿಂದಲೇ ಬಂದದ್ದು, ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿಯ ಪಿ.ಬಿ. ಧುತ್ತರಗಿಯವರದ್ದು. ರಾಜಕುಮಾರ್ ಎಮ್ಮೆ ಮೇಲೆ ಕೂತು ಸ್ವಂತ ದನಿಯಲ್ಲಿ ಹಾಡಿದ ಚಿತ್ರ. ಅಲ್ಲೂ ಮಂಜುಳಾ ಅವರ ಸೊಕ್ಕಿನ ಹುಡುಗಿಯಿದ್ದಾಳೆ. ಆದರೆ ಸವಾಲು ಹೆಸರಿನಲ್ಲೇ ಇದೆ, ಅದು ಸಂಪತ್ತಿಗೆ. ಬಡವ-ಬಲ್ಲಿದ ಎಂದಷ್ಟೇ ಎಣಿಸುವ ಆ ಚಿತ್ರದ ಲೆಕ್ಕದಲ್ಲಿ ನಮ್ಮ ಕೇರಿಗೆ ಜಾಗವಿಲ್ಲ, ಇರಲಿ. ಹದಿನೈದು ವರ್ಷ ಕಳೆದು ಇನ್ನೊಂದು ನಾಟಕ ಸಿನಿಮಾ ಆಗುವ ಹೊತ್ತಿಗೆ ಸಂಪತ್ತಿಗೆ ಹಾಕಿದ ಸವಾಲು ಮರೆಯಾಗಿ ಹೆಣ್ಣಿಗೆ ಹಾಕುವ ಸವಾಲು ಮಾತ್ರ ಉಳಿದಿತ್ತು.

ಆ ನಡುವೆ ನಾವೇನು ಮಾಡುತ್ತಿದ್ದೆವು? ಭದ್ರಾವತಿ ಸಾಮಾನ್ಯ ಊರಲ್ಲ. ಪ್ರೊ. ಬಿ. ಕೃಷ್ಣಪ್ಪನವರು ಇಲ್ಲಿನ ಕಾಲೇಜಿನಲ್ಲಿ ಪಾಠ ಹೇಳಿಕೊಂಡು 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಊರು. 1986ರಲ್ಲಿ ಇದೇ ಜಿಲ್ಲೆಯ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದವರ ಮೇಲೆ, ಪೊಲೀಸರ ಮೇಲೆ ಜನ ಮುಗಿಬಿದ್ದರು. ಅಷ್ಟಾದರೂ ನಮ್ಮವರು ಹಿಂದೆ ಸರಿಯಲಿಲ್ಲ, ಬೆತ್ತಲೆ ಸೇವೆ ನಿಷೇಧವಾಯಿತು. ದೇವರ ಹೆಸರಿನಲ್ಲಿ ಹೆಣ್ಣಿನ ಮಾನ ಕಳೆಯುವುದನ್ನು ಕಂಡು ಸಿಡಿದೆದ್ದ ಜಿಲ್ಲೆ ಮೂರೇ ವರ್ಷದ ಮೇಲೆ ನಗೆಯ ಹೆಸರಿನಲ್ಲಿ ಅದೇ ನಡೆದಾಗ ಟಿಕೆಟ್ ಕೊಂಡು ಒಳಗೆ ಹೋಯಿತು. ಚಂದ್ರಗುತ್ತಿಗೂ ಒಂದು ಸಿನಿಮಾಕ್ಕೂ ಹೋಲಿಕೆಯೇ ಎಂದು ಬೈಯುವವರು ಬೈಯಲಿ. ಒಪ್ಪಿಕೊಳ್ಳುತ್ತೇನೆ, ಎರಡರ ತೂಕ ಒಂದಲ್ಲ. ಆದರೆ ಚಂದ್ರಗುತ್ತಿಯಲ್ಲಿ ನಾವು ಎದುರಿಗೆ ನಿಂತಿದ್ದೆವು, ಟಾಕೀಸಿನಲ್ಲಿ ನಾವು ಒಳಗೆ ಕೂತಿದ್ದೆವು.

ಈಗ ತಂಗಿಯ ವಿಚಾರ. ಅವಳು ಶಿವಮೊಗ್ಗೆಯ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ. ಬೆಳಗಿನ ಆರೂವರೆ ಬಸ್ಸು, ರಾತ್ರಿ ಎಂಟಕ್ಕೆ ಮನೆ. ನನ್ನ ಎಂ.ಎ. ಫೀಜು ಕಟ್ಟಿದ್ದು ಅವಳ ಸಂಬಳ. ಹೋದ ವರ್ಷ ಅವಳನ್ನು ನೋಡಲು ಗಂಡಿನ ಕಡೆಯವರು ಬಂದರು. ಕಾಫಿ ತಟ್ಟೆ ಇಟ್ಟು ಒಳಗೆ ಹೋಗಬೇಕಾದವಳು ಅಲ್ಲೇ ಕೂತು ಆ ಹುಡುಗನನ್ನು ಕೇಳಿದಳು: ‘ನಿಮ್ ಸಂಬಳ ಎಷ್ಟು? ಕುಡೀತೀರಾ? ಮದ್ವೆ ಆದ್ಮೇಲೆ ನಾನು ಕೆಲಸ ಬಿಡಲ್ಲ, ಪರವಾಗಿಲ್ವಾ?’ ಕಾಫಿ ಅರ್ಧಕ್ಕೇ ಬಿಟ್ಟು ಅವರು ಎದ್ದರು. ಚಿಕ್ಕಪ್ಪ ಬಾಯಿಗೆ ಬಂದಂತೆ ಬೈದ. ಅವ್ವ ಅತ್ತಳು. ನಾನು, ಅಂಬೇಡ್ಕರ್ ಜಯಂತಿಯ ವೇದಿಕೆಯಲ್ಲಿ ಸ್ವಾಭಿಮಾನದ ಮೇಲೆ ಪದ್ಯ ಓದಿ ಚಪ್ಪಾಳೆ ಗಿಟ್ಟಿಸಿಕೊಂಡ ನಾನು, ‘ದುಡೀತೀನಿ ಅಂತ ಸೊಕ್ಕು ಜಾಸ್ತಿ ಆಯ್ತು ನಿಂಗೆ’ ಅಂದೆ.

ಅವಳು ತಟ್ಟೆಯಲ್ಲಿ ಉಳಿದ ಲೋಟಗಳನ್ನು ಎತ್ತಿಕೊಳ್ಳುತ್ತಾ, ‘ಅಣ್ಣಾ, ಸ್ಟೇಜ್ ಮೇಲೆ ಅದನ್ನೇ ಸ್ವಾಭಿಮಾನ ಅಂತೀಯಲ್ಲ. ಮನೇಲಿ ಯಾಕೆ ಸೊಕ್ಕು?’ ಎಂದು ಕೇಳಿದಳು. ಕೂಗಲಿಲ್ಲ. ಬೇರೆ ಏನನ್ನೋ ಕೇಳುವ ಹಾಗೆ ಕೇಳಿದಳು.

ಆ ರಾತ್ರಿ ನನಗೆ ಸ್ಲೈ ನೆನಪಾದ. ಷೇಕ್ಸ್‌ಪಿಯರ್ ಅವನನ್ನು ಮರೆತನೆಂದೆನಲ್ಲ. ಅದೇ ಕಥೆಯ ಇನ್ನೊಂದು ನಾಟಕ, ಹೆಚ್ಚುಕಮ್ಮಿ ಅದೇ ಹೆಸರಿನದು, 1594ರಲ್ಲಿ ಅಚ್ಚಾಗಿದೆ. ಯಾವುದು ಮೊದಲು, ಯಾವುದು ಕದ್ದದ್ದು ಎಂದು ವಿದ್ವಾಂಸರು ಜಗಳವಾಡುತ್ತಾರೆ, ಆಡಲಿ. ಅದರಲ್ಲಿ ಕೊನೆಗೆ ಸ್ಲೈ ವಾಪಸು ಬರುತ್ತಾನೆ. ನಿದ್ದೆಯಲ್ಲಿರುವಾಗಲೇ ರೇಷ್ಮೆ ಕಳಚಿ, ಹಳೆಯ ಚಿಂದಿ ತೊಡಿಸಿ, ಹೆಂಡದಂಗಡಿಯ ಮುಂದೆ ಎಸೆದು ಹೋಗಿರುತ್ತಾರೆ. ಬೆಳಕು ಹರಿಯುವಾಗ ಅಂಗಡಿಯ ಹುಡುಗ ಅವನನ್ನು ಎಬ್ಬಿಸಿ, ಮನೆಗೆ ಹೋಗು, ಹೆಂಡತಿ ಬೈತಾಳೆ ಎನ್ನುತ್ತಾನೆ. ಸ್ಲೈ ಮೈ ಮುರಿಯುತ್ತಾ, ಎಂಥ ಒಳ್ಳೆ ಕನಸು ಬಿದ್ದಿತ್ತು, ಗಯ್ಯಾಳಿಯನ್ನು ಪಳಗಿಸುವುದು ಹೇಗೆಂದು ಈಗ ನನಗೆ ಗೊತ್ತು, ಅವಳೇನಾದರೂ ಕೆರಳಿಸಿದರೆ ಅವಳನ್ನೂ ಪಳಗಿಸುತ್ತೇನೆ ಎಂದು ಮನೆಯ ಕಡೆ ಹೊರಡುತ್ತಾನೆ. ಬಂಗಲೆ ಹೋಯಿತು, ಸುಪ್ಪತ್ತಿಗೆ ಹೋಯಿತು, ಒಡೆತನ ಹೋಯಿತು. ಅವನನ್ನು ಹಂದಿ ಎಂದ ಜಹಗೀರದಾರನ ಮೇಲೆ ಒಂದು ಸಿಟ್ಟಿನ ಮಾತೂ ಅವನ ಬಾಯಲ್ಲಿಲ್ಲ. ದೊಡ್ಡವರ ಮನೆಯಿಂದ ಅವನು ತನ್ನ ಗುಡಿಸಲಿಗೆ ಹೊತ್ತುಕೊಂಡು ಹೋದದ್ದು ಅದೊಂದೇ ವಿದ್ಯೆ.

ನಮ್ಮ ತಾತ ಸೆಕೆಂಡ್ ಶೋ ಮುಗಿಸಿ ಹೊತ್ತು ತಂದದ್ದೂ ಅದನ್ನೇ. ನಾನು ವಿಶ್ವವಿದ್ಯಾಲಯದಿಂದ ಹೊತ್ತು ತಂದದ್ದು ಬೇರೆ ಏನೋ ಎಂದುಕೊಂಡಿದ್ದೆ.

ತಂಗಿಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ಒಂದು ತಿಳಿದುಕೊಂಡೆ. ಸೊಕ್ಕಿಗೂ ಸ್ವಾಭಿಮಾನಕ್ಕೂ ಇರುವ ವ್ಯತ್ಯಾಸ ಆ ಗುಣದಲ್ಲಿ ಇಲ್ಲ ಎಂದು ಹೇಳಿ ಮುಗಿಸುವುದು ಸುಲಭ, ಆದರೆ ಅದು ಪೂರ್ತಿ ನಿಜವಲ್ಲ. ಇನ್ನೊಬ್ಬರನ್ನು ತುಳಿದು ಎತ್ತರವಾಗುವುದು ಬೇರೆ, ತುಳಿಯುವ ಕಾಲನ್ನು ತಳ್ಳಿ ನಿಲ್ಲುವುದು ಬೇರೆ. ಆಳಿಗೆ ಹೊಡೆಯುವ ಸಾಹುಕಾರರ ಮಗಳದ್ದು ಸೊಕ್ಕೇ. ಅದನ್ನು ಕೇಳುವ ಹಕ್ಕು ಪೆಟ್ಟು ತಿಂದ ಆ ಆಳಿನದು. ಆದರೆ ಸಿನಿಮಾ ಆ ಹಕ್ಕನ್ನು ಆಳಿನ ಕೈಯಿಂದ ಕಸಿದು ಗಂಡನ ಕೈಗೆ ಕೊಡುತ್ತದೆ, ಕೊಟ್ಟು ನ್ಯಾಯ ಸಿಕ್ಕಿತು ಎಂದು ನಮ್ಮನ್ನು ನಗಿಸುತ್ತದೆ. ಹಾಗೆ ನಕ್ಕು ನಕ್ಕು ಅಭ್ಯಾಸವಾದ ಬಾಯಿಗೆ ಸಾಹುಕಾರರ ಮಗಳು ಯಾರು, ಗಾರ್ಮೆಂಟ್ಸಿನ ತಂಗಿ ಯಾರು ಎ೦ಬ ಭೇದ ಉಳಿಯುವುದಿಲ್ಲ. ಇಬ್ಬರಿಗೂ ಒಂದೇ ಮಾತು.

ತಂಗಿಗೆ ತಪ್ಪಾಯ್ತು ಅಂದೆ. ‘ಸರಿ ಬಿಡು’ ಅಂದಳು. ಅದು ಕ್ಷಮೆಯೋ, ಬೆಳಗಿನ ಬಸ್ಸಿಗೆ ತಡವಾಗುತ್ತಿದ್ದ ಅವಸರವೋ ಗೊತ್ತಾಗಲಿಲ್ಲ.

ಅಜ್ಜಿಗೆ ಈಗ ಎಂಬತ್ತರ ಹತ್ತಿರ. 2007ರಲ್ಲಿ ಸಾರಾಯಿ ನಿಂತಿತು, ಅದಕ್ಕೂ ಮೊದಲೇ ತಾತ ಹೋದ. ಮಾಲಾಶ್ರೀ ಎಂದರೆ ಅಜ್ಜಿಗೆ ಇಂದಿಗೂ ಪ್ರಾಣ. ಮುಂದೆ ಅವರು ಪೊಲೀಸ್ ಡ್ರೆಸ್ಸು ತೊಟ್ಟು ಗಂಡಸರನ್ನು ಬಡಿಯುವ ಚಿತ್ರಗಳೆಲ್ಲ ಅವಳಿಗೆ ಬಾಯಿಪಾಠ. ಟೀವಿಯಲ್ಲಿ ‘ನಂಜುಂಡಿ ಕಲ್ಯಾಣ’ ಬಂದರೂ ತಪ್ಪದೆ ಕೂರುತ್ತಾಳೆ. ಹುಡುಗಿ ಎಲ್ಲರಿಗೂ ಎದುರು ಮಾತಾಡುವಾಗ, ಕುಡಿದು ಕುಣಿಯುವಾಗ ಬೊಚ್ಚು ಬಾಯಿ ತೆರೆದು ನಗುತ್ತಾಳೆ. ಹೋದ ಭಾನುವಾರವೂ ಬಂತು, ತಂಗಿ ಪಕ್ಕದಲ್ಲಿ ಕೂತು ಅವಳ ಕಾಲು ಒತ್ತುತ್ತಿದ್ದಳು. ಅರ್ಧ ಆದದ್ದೇ ತಡ ಅಜ್ಜಿ, ‘ಸಾಕು, ಆರಿಸು’ ಅಂದಳು. ‘ಇನ್ನೂ ಅರ್ಧ ಐತಲ್ಲಜ್ಜಿ’ ಅಂದೆ ನಾನು.

‘ಅದು ನಂಗೊತ್ತು’ ಎಂದು ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದಳು. ರಿಮೋಟು ತಂಗಿಯ ಕೈಯಲ್ಲಿತ್ತು.